ಅಕ್ಕನಿಗಾಗಿ ಕಟ್ಟಿದ ಟ್ರೇಲರ್

ನನ್ನ ಅಕ್ಕ ಹಳ್ಳಿಗಳ ನರ್ಸ್ ಆಗಿದ್ದಳು. ಕುಕ್ಕುವಾಡದ ಸುತ್ತಮುತ್ತ ಸ್ಕೂಟರ್ ಮೇಲೆ ಓಡಾಡಿ ಬಸುರಿಯರನ್ನು ನೋಡುವುದು, ಕೂಸುಗಳಿಗೆ ಲಸಿಕೆ ಹಾಕುವುದು, ಹೆರಿಗೆ ನೋವು ಶುರುವಾದವರನ್ನು ಆಸ್ಪತ್ರೆ ಮುಟ್ಟಿಸುವುದು ಅವಳ ಕೆಲಸ. ಕೆಲವು ಕೂಸುಗಳು ಆಸ್ಪತ್ರೆ ಮುಟ್ಟುವವರೆಗೆ ಕಾಯದೆ ಅವಳ ಕೈಯಲ್ಲೇ ಹುಟ್ಟಿದವು. ಒಂದು ಸಂಜೆ ನಾಲೆಯ ಏರಿಯ ಮೇಲೆ ಸ್ಕೂಟರ್ ಜಾರಿ ಕೆಳಗಿನ ಕಲ್ಲುಗಳ ಮೇಲೆ ಬಿದ್ದಳು. ಬೆನ್ನುಮೂಳೆಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಅವಳಿಗೆ ಮತ್ತೆ ಏನೂ ತಿಳಿಯಲಿಲ್ಲ.

ಆಮೇಲೆ ಅವಳ ಬದುಕು ದೇವರಾಜ ಅರಸು ಬಡಾವಣೆಯ ಮನೆಯ ಮುಂದಿನ ಕೋಣೆಯಲ್ಲಿ ನಡೆಯಿತು. ಗಾಲಿಕುರ್ಚಿ ಇತ್ತು, ಆದರೆ ಅದರಲ್ಲಿ ಬಹಳ ಹೊತ್ತು ಕೂರುವಂತಿರಲಿಲ್ಲ. ಕೂತರೆ ಚರ್ಮ ಒಡೆದು ಹುಣ್ಣಾಗುತ್ತಿತ್ತು. ಸ್ವಲ್ಪ ಹೊತ್ತು ಕೂರಿಸಿ, ಮಲಗಿಸಿ, ಮಗ್ಗುಲು ಬದಲಿಸುತ್ತಲೇ ಇರಬೇಕು. ಭಾವ ಹರಿಹರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅವರಿಗೆ ಮಕ್ಕಳಿಲ್ಲ. ನಾನು ಅದೇ ಊರಿನ ವಿನೋಬನಗರದಲ್ಲಿ ಒಬ್ಬಳೇ ಇರುವವಳು, ಕಚೇರಿಯ ಕೆಲಸ ಮುಗಿದು ಪಿಂಚಣಿಗೆ ಬಂದವಳು. ದಿನಾ ಬೆಳಿಗ್ಗೆ ಆಟೊ ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಅಕ್ಕನಿಗೆ ಸ್ನಾನ ಮಾಡಿಸಿ ತಲೆ ಬಾಚುವುದು ನನ್ನ ಪಾಲಿನ ಕೆಲಸವಾಗಿತ್ತು.

ಮೊದಮೊದಲು ಹಳ್ಳಿಯ ಹೆಂಗಸರು ಸಂತೆಗೋ ಆಸ್ಪತ್ರೆಗೋ ಬಂದವರು ಅವಳನ್ನು ನೋಡಿಕೊಂಡು ಹೋಗುತ್ತಿದ್ದರು. ಮಡಿಲಲ್ಲಿ ಹಸಿ ಶೇಂಗಾ, ಅವರೆಕಾಯಿ ತರುತ್ತಿದ್ದರು. ವರ್ಷ ಕಳೆದಂತೆ ಅವರು ಬರುವುದು ಕಡಿಮೆಯಾಯಿತು. ಅವರ ಮೇಲೆ ಅಕ್ಕನಿಗೆ ಬೇಸರವಿರಲಿಲ್ಲ. ಆದರೆ ತಲೆ ಬಾಚುವಾಗ ಇದ್ದಕ್ಕಿದ್ದಂತೆ ಕೇಳುತ್ತಿದ್ದಳು, "ಆ ಗೌಡ್ರ ಓಣಿ ಸೊಸೆಗೆ ಎರಡನೇದು ಏನಾತೋ? ಆಕೆ ಬಿಪಿ ಸರಿ ಇರಲಿಲ್ಲ."

ಒಮ್ಮೆ ಬಾಡಿಗೆ ಕಾರಿನಲ್ಲಿ ಅವಳನ್ನು ಕುಕ್ಕುವಾಡಕ್ಕೆ ಕರೆದುಕೊಂಡು ಹೊರಟೆವು. ಊರು ತಲುಪಿ, ಒಂದು ಮನೆಯ ಮುಂದೆ ಕಾರು ನಿಂತಾಗ ಅವಳ ಬಟ್ಟೆ ಒದ್ದೆಯಾಗಿತ್ತು. ಬದಲಿಸಲು ಮರೆ ಬೇಕು, ಮಲಗಿಸಲು ಜಾಗ ಬೇಕು. ಆ ಮನೆಗೆ ಎತ್ತರದ ಕಟ್ಟೆ, ಕಿರಿದಾದ ಬಾಗಿಲು. ಮನೆಯವರು ಎತ್ತಿಕೊಂಡು ಹೋಗಲು ತಯಾರಿದ್ದರು. ಅಕ್ಕ ಒಪ್ಪಲಿಲ್ಲ. ಕಾರಿನ ಗಾಜನ್ನೂ ಇಳಿಸದೆ, "ನಡೀರಿ, ಮನೆಗೆ ಹೋಗಾನ," ಅಂದಳು. ದಾರಿಯುದ್ದಕ್ಕೂ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಅದಾದ ಮೇಲೆ ಭಾವ ಒಂದು ಹಳೆಯ ಟ್ರೇಲರ್ ಕೊಂಡು ತಂದರು. ಮದುವೆಗೆ ಶಾಮಿಯಾನ ಹಾಕುವವರ ಜನರೇಟರ್ ಹೊತ್ತು ತಿರುಗಿದ್ದು. ಎರಡು ಆಕ್ಸಲ್, ಅಂದರೆ ಚಕ್ರ ಕೂರಿಸುವ ಅಚ್ಚುಗಳು, ಒಂದೊಂದು ಪಕ್ಕಕ್ಕೆ ಒಂದರ ಹಿಂದೊಂದು ಎರಡೆರಡು ಚಕ್ರ. ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಅದನ್ನು ನಿಲ್ಲಿಸಿಕೊಂಡು ಕೆಲಸ ಶುರು ಮಾಡಿದರು. ಕಬ್ಬಿಣದ ಚೌಕಟ್ಟು ಬೆಸೆದರು, ತಗಡು ಹೊದಿಸಿದರು, ಒಳಗೆ ಪ್ಲೈವುಡ್ ಹಾಸಿದರು. ಅಕ್ಕನ ಅಳತೆಗೆ ಒಂದು ಮಂಚ, ಮಂಚದ ಮಗ್ಗುಲಲ್ಲೇ ಕಮೋಡ್, ನೀರಿನ ಟ್ಯಾಂಕು, ಗಾಲಿಕುರ್ಚಿ ಹತ್ತುವಂಥ ಇಳಿಜಾರು ಹಲಗೆ, ಮಲಗಿದವಳ ಕಣ್ಣಿಗೆ ನೇರವಾಗಿ ಒಂದು ಕಿಟಕಿ. ಓಡುವ ಟ್ರೇಲರ್‌ನಲ್ಲಿ ಜನರನ್ನು ಕೂರಿಸುವಂತಿಲ್ಲ. ಅದಕ್ಕೆ ರಸ್ತೆಯಲ್ಲಿ ಅಕ್ಕ, ಟ್ರೇಲರ್ ಎಳೆಯಲೆಂದು ಕೊಂಡ ಪಿಕಪ್ ಗಾಡಿಯ ಹಿಂದಿನ ಸೀಟಿನಲ್ಲಿ ಇರುವುದು, ನಿಂತ ಕಡೆ ಟ್ರೇಲರ್‌ಗೆ ಹೋಗಿ ಮಲಗುವುದು ಎಂದು ಲೆಕ್ಕ ಹಾಕಿದ್ದರು. ಭಾವನಿಗೆ ಕಣ್ಣು ಮಂಜು. ಹಾಗಾಗಿ ಗಾಡಿ ಓಡಿಸುವುದು ನನ್ನ ತಲೆಗೆ ಬಂತು. ಟ್ರೇಲರ್ ಕಟ್ಟಿಕೊಂಡು ಹಿಂದಕ್ಕೆ ಬರುವುದನ್ನು ಕಲಿಯುವಷ್ಟರಲ್ಲಿ ಪಕ್ಕದ ಸೈಟಿನ ಬೇಲಿ ಒಂದು ಕಡೆ ಮಲಗಿತ್ತು.

ಮೊದಲ ಸಲ ಅಕ್ಕನನ್ನು ಬಿಟ್ಟು ನಾವಿಬ್ಬರೇ ಹರಿಹರದವರೆಗೆ ಓಡಿಸಿ ನೋಡಿದೆವು. ಹೋಗುವಾಗ ಎಲ್ಲ ಸರಿ ಇದ್ದಂತಿತ್ತು. ಹೊಳೆಯ ಸೇತುವೆಯ ಹತ್ತಿರ ಹಂಪ್ ದಾಟಿದಾಗ ಹಿಂದಿನಿಂದ ಬರ್ರೆಂದು ಒಂದು ಸದ್ದು ಬಂತು. ಬೈಕಿನವನೊಬ್ಬ ಪಕ್ಕಕ್ಕೆ ಬಂದು, "ಅಮ್ಮಾ, ಹೊಗೆ ಬರಾಕತ್ತೈತ್ರಿ," ಎಂದು ಕೂಗಿ ಹೋದ. ಇಳಿದು ನೋಡಿದರೆ ಎಡಗಡೆಯ ಹಿಂದಿನ ಟಯರಿನ ಅಂಚು ಸವೆದು ಕರಿ ಪುಡಿ ಉದುರಿತ್ತು. ಸುಟ್ಟ ರಬ್ಬರಿನ ವಾಸನೆ. ಭಾವ ರಸ್ತೆಯ ಮೇಲೆ ಅಂಗಾತ ಮಲಗಿ ಕೆಳಗೆ ಇಣುಕಿದರು. ಎದ್ದು ಬಂದಾಗ ಅವರ ಬಿಳಿ ಅಂಗಿಯ ಬೆನ್ನೆಲ್ಲ ಮಣ್ಣಾಗಿತ್ತು.

"ಮಡ್‌ಗಾರ್ಡಿಗೆ ಉಜ್ಜೈತೆ," ಅಂದರು. "ಮೇಲೆ ಎತ್ತಿ ಕೂಡಿಸ್ತೀನಿ. ಮುಗೀತು."

ಮಾರನೆಯ ದಿನ ಮಡ್‌ಗಾರ್ಡಿನ ಒಳಮೈಗೆ ಸುಣ್ಣ ಬಳಿದರು. ಸೈಟಿನಲ್ಲಿ ಟ್ರೇಲರನ್ನು ಎಳೆದಾಡಿಸಿ ನೋಡಿದಾಗ ಸುಣ್ಣ ಅಳಿಸಿದ ಜಾಗ ಸ್ಪಷ್ಟವಾಗಿ ಕಂಡಿತು. ಎಡಗಡೆ, ಹಿಂದಿನ ಚಕ್ರದ ನೆತ್ತಿಯ ಮೇಲೆ. ಮಡ್‌ಗಾರ್ಡನ್ನು ಕತ್ತರಿಸಿ ಎತ್ತರಿಸಿ ಬೆಸೆದರು. ಮತ್ತೆ ಓಡಿಸಿದೆವು. ಸದ್ದು ಕಡಿಮೆಯಾಗಿತ್ತು, ಹೋಗಿರಲಿಲ್ಲ. ಎಡಗಡೆಯ ಎರಡೂ ಟಯರು ಮುಟ್ಟಿದರೆ ಕೈ ಸುಡುವಷ್ಟು ಬಿಸಿ, ಬಲಗಡೆಯವು ಬೆಚ್ಚಗೆ ಮಾತ್ರ.

ಹರಿಹರದ ದಾರಿಯಲ್ಲಿ ಲಾರಿಗಳ ಕಮಾನ್ ಪಟ್ಟಿ ಕಟ್ಟುವ ಒಬ್ಬರ ಅಂಗಡಿ ಇದೆ. ಗಾಡಿಯ ಭಾರ ಹೊರುವ ಆ ಬಾಗಿದ ಉಕ್ಕಿನ ಪಟ್ಟಿಗಳನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಮತ್ತೆ ಬಾಗಿಸುವುದು ಅವರ ಮನೆತನದ ಕಸುಬು. ಭಾವನ ವಯಸ್ಸಿನವರು. ಕೆಲಸದಾಳುಗಳ ಜೊತೆ ಉರ್ದು, ನಮ್ಮ ಜೊತೆ ಕನ್ನಡ. ಅವರು ಟ್ರೇಲರ್ ಸುತ್ತ ಒಂದು ಸುತ್ತು ಬಂದು ಬಾಗಿಲಲ್ಲಿ ಇಣುಕಿದರು. ಮಂಚ, ಕಮೋಡ್, ಕಿಟಕಿ ನೋಡಿದರು.

"ಯಾರಿಗೆ ಸರ ಇದು?"

"ನಮ್ಮ ಮನೆಯಾಕೆಗೆ."

ಅವರು ಬಗ್ಗಿ ಹಿಂದಿನ ಚಕ್ರದ ಪಟ್ಟಿಗಳನ್ನು ನೋಡಿದರು. "ಜನರೇಟರ್ ಹೊತ್ತು ಹೊತ್ತು ಪಟ್ಟಿ ಸತ್ತಾವೆ. ಒಂದೊಂದು ಪಟ್ಟಿ ಜಾಸ್ತಿ ಹಾಕ್ತೀನಿ. ಬಾಡಿ ಮೇಲೆ ಏಳ್ತತೆ, ಉಜ್ಜೋದು ನಿಲ್ತತೆ," ಅಂದರು.

ಹಾಕಿದರು. ಬಾಡಿ ಮೇಲೆದ್ದಿತು. ಆದರೆ ಗಾಡಿ ಈಗ ಕಲ್ಲಿನಂತೆ ಗಡುಸಾಯಿತು. ಮನೆಗೆ ಬರುವಷ್ಟರಲ್ಲಿ ಒಳಗಿನ ಕಪಾಟಿನ ಬಾಗಿಲು ಕಳಚಿ ಬಿದ್ದಿತ್ತು. ಎಡಗಡೆಯ ಟಯರುಗಳು ಮೊದಲಿನಷ್ಟೇ ಬಿಸಿ.

ಆ ಸಂಜೆ ಭಾವ ಕಟ್ಟೆಯ ಮೇಲೆ ಕೂತು ಚಹಾ ಮುಟ್ಟಲಿಲ್ಲ. ಒಳಗಿನಿಂದ ಅಕ್ಕ ಕೇಳಿದಳು, "ಏನಾತ್ರೀ?"

"ಏನಿಲ್ಲ. ಗುಜರಿಗೆ ಹಾಕ್ತೀನಿ ಇದನ್ನ."

"ಯಾಕ?"

"ಯಾಕ ಅಂದ್ರೆ? ಹಾದಿ ಮಧ್ಯೆ ಟಯರ್ ಸಿಡೀತು ಅನ್ನು. ಟ್ರೇಲರ್ರು ಮುಂದಿನ ಗಾಡೀನೂ ಎಳ್ಕಂಡು ಹೋಗ್ತತೆ. ನೀನು ಆ ಗಾಡೀಲಿ ಇರ್ತೀಯ. ಒಂದ್ಸಲ ಬಿದ್ದಿದ್ದು ಸಾಲದಾ?"

ಅಷ್ಟು ವರ್ಷಗಳಲ್ಲಿ ಆ ಬಿದ್ದ ವಿಷಯವನ್ನು ಅವರು ಬಾಯಿಬಿಟ್ಟು ಆಡಿದ್ದನ್ನು ನಾನು ಕೇಳಿರಲಿಲ್ಲ. ಹೇಳಿದ್ದೇ ಎದ್ದು ಸೈಟಿನ ಕಡೆ ಹೊರಟುಹೋದರು. ನಾನು ಒಳಗೆ ಹೋದೆ. ಅಕ್ಕ ಗೋಡೆಯ ಕಡೆ ನೋಡುತ್ತಿದ್ದಳು. ಅಳುತ್ತಿರಬಹುದು ಅಂದುಕೊಂಡೆ. ಅವಳು ಯೋಚನೆ ಮಾಡುತ್ತಿದ್ದಳು.

"ಸದ್ದು ಹೆಂಗೆ ಬರ್ತತೆ?" ಕೇಳಿದಳು.

"ಬರ್ ಬರ್ ಅಂತ."

"ಹಂಗಲ್ಲ. ತಿರುಗೋವಾಗ ಬರ್ತತಾ, ನೆಟ್ಟಗೆ ಹೋಗೋವಾಗ ಬರ್ತತಾ? ಗುಂಡಿ ಹಾರಿದಾಗ ಬರ್ತತಾ, ಸುಮ್ನೆ ಬರ್ತತಾ?"

ನನಗೆ ಗೊತ್ತಿರಲಿಲ್ಲ. ಸ್ಟೇರಿಂಗ್ ಹಿಡಿದು ಕೂತವಳಿಗೆ ಎಂಜಿನ್ ಸದ್ದಿನಲ್ಲಿ ಅಷ್ಟೆಲ್ಲ ಎಲ್ಲಿ ಕೇಳಬೇಕು. ಭಾವ ನನ್ನ ಪಕ್ಕದಲ್ಲೇ ಇರುತ್ತಿದ್ದರು. ಅವರಿಗೂ ಅಷ್ಟೇ.

"ನನ್ನ ಅದರಾಗೆ ಮಲಗ್ಸು," ಅಂದಳು. "ಗಾಡಿ ಸಾವಕಾಶ ಓಡಿಸು. ನಾನು ಕೇಳಿ ಹೇಳ್ತೀನಿ."

ಭಾವ ಸುತಾರಾಂ ಒಪ್ಪಲಿಲ್ಲ. ಎರಡು ದಿನ ಗಂಡ ಹೆಂಡತಿ ಮಾತು ಬಿಟ್ಟರು. ಕೊನೆಗೆ ರಸ್ತೆಗೆ ಇಳಿಯುವುದಿಲ್ಲ, ನಡೆಯುವವನ ವೇಗಕ್ಕಿಂತ ಹೆಚ್ಚಿಸುವುದಿಲ್ಲ, ಭಾವ ಪಕ್ಕದಲ್ಲೇ ನಡೆದು ಬರುತ್ತಾರೆ ಎಂಬ ಮಾತಿನ ಮೇಲೆ ರಾಜಿಯಾಯಿತು. ಮುಚ್ಚಿಹೋದ ಒಂದು ಗಿರಣಿಯ ಹಿಂದಿನ ಬಯಲಿಗೆ ಹೋದೆವು. ಮಂಚದ ಮೇಲೆ ಬೇಡ, ಟ್ರೇಲರಿನ ನೆಲದ ಮೇಲೆಯೇ ಹಾಸಿಗೆ ಹಾಕು ಅಂದಳು ಅಕ್ಕ. ಬೋರಲು ಮಲಗಿಸಿದೆವು. ಎದೆಯ ಕೆಳಗೆ ದಿಂಬು, ಎರಡೂ ಅಂಗೈ ಪ್ಲೈವುಡ್ ಮೇಲೆ, ಒಂದು ಕಿವಿ ನೆಲಕ್ಕೆ. ಬಾಗಿಲು ತೆರೆದಿಟ್ಟು ಕಟ್ಟಿದೆವು.

ನಾನು ಮೊದಲ ಗೇರಿನಲ್ಲಿ ಬಿಟ್ಟೆ. ನೆಟ್ಟಗೆ ಹೋದೆ, ಬಲಕ್ಕೆ ತಿರುಗಿಸಿದೆ, ಎಡಕ್ಕೆ ತಿರುಗಿಸಿದೆ. ಬಯಲಿನ ನಡುವೆ ಮಳೆನೀರು ಕೊರೆದ ಒಂದು ಸಣ್ಣ ತಗ್ಗಿತ್ತು, ಅದರಲ್ಲಿ ಇಳಿಸಿ ಹತ್ತಿಸಿದೆ. ಕನ್ನಡಿಯಲ್ಲಿ ಭಾವ ಕಾಣುತ್ತಿದ್ದರು. ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಒಳಗೆ ನೋಡುತ್ತಾ, ಎಡವುತ್ತಾ ನಡೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೈ ಎತ್ತಿದರು. ನಿಲ್ಲಿಸಿ ಓಡಿಹೋದೆ.

ಅಕ್ಕನ ಕೆನ್ನೆಗೆ ಪ್ಲೈವುಡ್ಡಿನ ಗೆರೆ ಬಿದ್ದಿತ್ತು. "ಮ್ಯಾಲೆ ಅಲ್ಲ," ಅಂದಳು. "ನೀವು ಚಕ್ರದ ಮ್ಯಾಲೆ ಹುಡುಕ್ತಾ ಇದ್ದೀರಿ. ಸದ್ದು ಎಡಗಡೆ ಎರಡು ಚಕ್ರದ ಮಧ್ಯದಿಂದ ಬರ್ತತೆ. ಒಂದಕ್ಕೊಂದು ತಾಗ್ತಾವೆ. ನೆಟ್ಟಗೆ ಹೋದ್ರೂ ಬರ್ತತೆ, ತಗ್ಗಿಗೆ ಇಳಿದ್ರೆ ಜೋರು. ಬಲಗಡೆ ಏನೂ ಇಲ್ಲ." ಮೊಣಕೈ ಊರಿ ತಲೆ ಎತ್ತಿ, "ಆಮೇಲೆ ಟ್ರೇಲರ್ ಹಿಂದೆ ಕೆಳಗೈತೆ, ಮುಂದೆ ಮೇಲೈತೆ. ಮಲಗಿದ್ರೆ ಕಾಲ ಕಡೆ ಜಾರ್ತೀನಿ," ಅಂದಳು.

ಭಾವ ಸುಣ್ಣದ ಡಬ್ಬಿ ತಂದರು. ಈ ಸಲ ಮಡ್‌ಗಾರ್ಡಿಗೆ ಅಲ್ಲ, ಎಡಗಡೆಯ ಹಿಂದಿನ ಟಯರಿನ ಮುಖಕ್ಕೆ ಬಳಿದರು. ತಗ್ಗಿನಲ್ಲಿ ಒಂದು ಸಲ ಇಳಿಸಿ ಹತ್ತಿಸಿದೆ. ಮುಂದಿನ ಟಯರಿಗೆ ಸುಣ್ಣ ಮೆತ್ತಿಕೊಂಡು ಬಂದಿತ್ತು.

ಅಲ್ಲಿಂದ ನೆಟ್ಟಗೆ ಕಮಾನ್ ಪಟ್ಟಿಯ ಅಂಗಡಿಗೆ ಹೋದೆವು. ಅಕ್ಕ ಪಿಕಪ್‌ನ ಹಿಂದಿನ ಸೀಟಿನಲ್ಲಿ ಒರಗಿದ್ದಳು. ಅಂಗಡಿಯವರು ಟ್ರೇಲರಿನ ಮೂತಿಯಲ್ಲಿರುವ ಕೊಂಡಿಗೆ ಹುರಿ ಕಟ್ಟಿ, ಮೊದಲು ಬಲಗಡೆಯ ಮುಂದಿನ ಚಕ್ರದ ನಡುವಿನವರೆಗೆ ಎಳೆದು ಗಂಟು ಹಾಕಿದರು. ಅದೇ ಹುರಿಯನ್ನು ಎಡಗಡೆಗೆ ಹಿಡಿದರು. ಮುಂದಿನ ಆಕ್ಸಲ್ಲಿಗೆ ಗಂಟು ಸರಿಯಾಗಿ ಮುಟ್ಟಲಿಲ್ಲ. ಎಡಗಡೆ ಆಕ್ಸಲ್ ಹಿಂದಕ್ಕೆ ಸರಿದಿತ್ತು.

ಜಾಕ್ ಹಾಕಿ ಎತ್ತಿ, ಪಟ್ಟಿಗಳನ್ನು ಆಕ್ಸಲ್ಲಿಗೆ ಬಿಗಿದ ಬೋಲ್ಟುಗಳನ್ನು ಬಿಚ್ಚಿದರು. ಪಟ್ಟಿಗಳ ನಡುವೆ ಒಂದು ಬೋಲ್ಟು ಇರುತ್ತದೆ. ಅದರ ತಲೆ ಆಕ್ಸಲ್ಲಿನ ಗುಳಿಯಲ್ಲಿ ಕೂತು ಆಕ್ಸಲ್ ಅತ್ತಿತ್ತ ಸರಿಯದಂತೆ ಹಿಡಿದಿರುತ್ತದೆ. ಆ ಬೋಲ್ಟು ತುಂಡಾಗಿತ್ತು. ತುಂಡಾದ ಮೈಗೆ ತುಕ್ಕು ಹಿಡಿದಿತ್ತು, ಎಂದೋ ಮುರಿದದ್ದು. ಗುಳಿ ಸವೆದು ಉದ್ದವಾಗಿತ್ತು.

"ಪಟ್ಟಿ ಹಾಕೋವಾಗ ನಾನು ಈ ಬೋಲ್ಟು ನೋಡಬೇಕಿತ್ತು ಸರ," ಅಂದರು ಅಂಗಡಿಯವರು. "ನೀವು ಹಿಂದಿನ ಚಕ್ರದ್ದು ಅಂದ್ರಿ, ಹಿಂದಿಂದೇ ಬಿಚ್ಚಿದೆ. ಮುಂದಿನದು ಪೂರ್ತಿ ಬಿಚ್ಚದೆ ಹೊರಗಿಂದ್ಲೇ ಪಟ್ಟಿ ತೂರಿಸಿದೆ."

"ನಾನೂ ನೋಡ್ಲಿಲ್ಲಲ್ಲ ಭಾಯ್," ಅಂದರು ಭಾವ. "ಫಿಟ್ಟರ್ ಅಂತ ಇಡೀ ಜನ್ಮ ಸವೆಸಿ, ನಾನೂ ಮೇಲೇ ನೋಡ್ತಾ ಕೂತೆ."

ಇಬ್ಬರೂ ಸೇರಿ ಅಂದು ಮಧ್ಯಾಹ್ನವೆಲ್ಲ ಕೆಲಸ ಮಾಡಿದರು. ಗುಳಿಯನ್ನು ಬೆಸೆದು ತುಂಬಿ ಹೊಸದಾಗಿ ಕೊರೆದರು, ಹೊಸ ಬೋಲ್ಟು ಹಾಕಿದರು. ಹುರಿ ಹಿಡಿದು ನಾಲ್ಕೂ ಚಕ್ರ ಅಳೆದರು. ಪಿಕಪ್‌ನ ಕೊಂಡಿ ಎತ್ತರವಾಗಿದ್ದರಿಂದಲೇ ಟ್ರೇಲರಿನ ಮೂತಿ ಮೇಲೆದ್ದು, ಭಾರವೆಲ್ಲ ಹಿಂದಿನ ಚಕ್ರಗಳ ಮೇಲೆ ಬೀಳುತ್ತಿತ್ತು. ಕೊಂಡಿಯನ್ನು ಇಳಿಸಿ ಬೆಸೆದರು. ಹಿಂದಿನ ಎಡಮೂಲೆಯಲ್ಲಿದ್ದ ನೀರಿನ ಟ್ಯಾಂಕನ್ನು ಎರಡು ಆಕ್ಸಲ್‌ಗಳ ನಡುವೆ ಬರುವಂತೆ ಜರುಗಿಸಬೇಕು ಎಂದು ತೀರ್ಮಾನವಾಯಿತು. ಕೊನೆಗೆ, ಜಾಸ್ತಿ ಹಾಕಿದ್ದ ಪಟ್ಟಿಗಳನ್ನು ಅಂಗಡಿಯವರೇ ತೆಗೆದುಬಿಟ್ಟರು. "ಮೆತ್ತಗೆ ಹೋಗ್ಲಿ. ಗಾಡಿ ನಿಂತಾಗ ಅಮ್ಮಾರು ಮಲಗೋ ಮಂಚದ ಮೊಳೆ ಎಲ್ಲ ಅಲುಗಾಡಬಾರದು," ಅಂದರು. ಅವರ ಮನೆಯಿಂದ ಅಕ್ಕನಿಗೆ ಊಟ ಬಂತು. ಅಂಗಡಿಯ ಎದುರಿಗೇ ಟ್ರೇಲರ್ ಸಮನಾಗಿ ನಿಂತ ಮೇಲೆ, ಅಕ್ಕ ಅದರ ಮಂಚದ ಮೇಲೆ ಮಲಗಿ ಮೊದಲ ಊಟ ಮಾಡಿದಳು.

ಮರಳಿ ಬರುವಾಗ ದಾರಿಯಲ್ಲಿ ಎಷ್ಟೋ ಕಡೆ ನಿಲ್ಲಿಸಿ ಟಯರು ಮುಟ್ಟಿ ನೋಡಿದೆ. ನಾಲ್ಕೂ ಒಂದೇ ಹದದಲ್ಲಿ ಬೆಚ್ಚಗಿದ್ದವು.

ಭತ್ತದ ಕಟಾವು ಮುಗಿದ ಮೇಲೆ ಕುಕ್ಕುವಾಡಕ್ಕೆ ಹೊರಟೆವು. ಶಾಲೆಯ ಹತ್ತಿರ ಬೇವಿನ ಮರದ ಕೆಳಗೆ ಟ್ರೇಲರ್ ನಿಲ್ಲಿಸಿ ಹಲಗೆ ಇಳಿಸಿದೆವು. ಅಕ್ಕನನ್ನು ಮಂಚಕ್ಕೆ ದಾಟಿಸಿ, ಬಟ್ಟೆ ಬದಲಿಸಿ, ತಲೆ ಬಾಚಿ ಆಮೇಲೆಯೇ ಬಾಗಿಲು ತೆರೆದೆ. ಮೊದಲು ಒಬ್ಬ ಮುದುಕಿ ಬಂದಳು. ಬಾಗಿಲಲ್ಲಿ ನಿಂತು, "ನರ್ಸಮ್ಮಾ?" ಅಂದಳು. ಅಕ್ಕ, "ಬಾರಬೇ, ಒಳಗೆ ಬಾ," ಅಂದಳು. ಆ ಮುದುಕಿ ಅಕ್ಕನ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ಟ್ರೇಲರ್ ಸುತ್ತ ಹೆಂಗಸರು ತುಂಬಿದರು. ಗೌಡರ ಓಣಿಯ ಸೊಸೆ ಬಂದಿದ್ದಳು. ಎರಡನೆಯದು ಹೆಣ್ಣು, ಶಾಲೆಗೆ ಹೋಗುತ್ತಿದೆ ಎಂದು ತಿಳಿಯಿತು.

ಸಂಜೆ ಹೊತ್ತಿಗೆ ಒಬ್ಬ ತಾಯಿ ತನ್ನ ಬಸುರಿ ಮಗಳನ್ನು ಕರೆತಂದಳು. "ಈಕೆ ನಿಮ್ಮ ಕೈಯಾಗೇ ಹುಟ್ಟಿದ್ದು. ಒಂದು ಸ್ವಲ್ಪ ನೋಡ್ರಿ," ಅಂದಳು. ಅಕ್ಕ ನನ್ನ ಕಡೆ ನೋಡಿದಳು. ಅವಳ ಹಳೆಯ ನರ್ಸ್ ಚೀಲವನ್ನು ನಾನು ತಂದಿರಲಿಲ್ಲ, ಭಾವ ತಂದಿದ್ದರು. ಮಂಚದ ಕೆಳಗಿನಿಂದ ತೆಗೆದುಕೊಟ್ಟರು. ಮಂಚದ ಅಂಚಿಗೆ ಹುಡುಗಿಯನ್ನು ಕೂರಿಸಿಕೊಂಡು ಅಕ್ಕ ತೋಳಿಗೆ ಪಟ್ಟಿ ಸುತ್ತಿದಳು, ಬಿಪಿ ನೋಡಿದಳು. ಕಾಲು ಒತ್ತಿ ಬಾವು ಇದೆಯೇ ಎಂದು ನೋಡಿದಳು. "ಉಪ್ಪು ಕಡಿಮೆ ಮಾಡು. ನಾಳೇನೇ ಡಾಕ್ಟರ್ ಹತ್ರ ಹೋಗು, ಮುಂದಕ್ಕೆ ಹಾಕಬ್ಯಾಡ," ಅಂದಳು. ಅದೇ ಹಳೆಯ ಗಟ್ಟಿ ದನಿ. ಆ ದನಿ ಇನ್ನೂ ಅವಳಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ನಾನು ಹೊರಗೆ ಬಂದು ಪಿಕಪ್‌ನ ಮರೆಗೆ ನಿಂತು ಕಣ್ಣು ಒರೆಸಿಕೊಂಡೆ.

ಹೀಗೆ ಕೆಲವು ಊರುಗಳಿಗೆ ಹೋಗಿಬಂದೆವು. ಚಳಿಗಾಲದಲ್ಲಿ, ಬೇಸಿಗೆಯ ಶುರುವಿನಲ್ಲಿ, ಮತ್ತೆ ಮುಂದಿನ ಚಳಿಗಾಲದಲ್ಲಿ. ಬರುವಾಗ ಪಿಕಪ್ ತುಂಬ ಸೊಪ್ಪು, ಕಾಯಿ, ರೊಟ್ಟಿ. ಆಮೇಲೆ ಅಕ್ಕನ ಮೂತ್ರಪಿಂಡಕ್ಕೆ ಸೋಂಕಾಯಿತು. ಹಿಂದೆಯೂ ಬಂದು ವಾಸಿಯಾಗಿತ್ತು. ಈ ಸಲ ರಕ್ತಕ್ಕೆ ಸೇರಿತು. ಆಸ್ಪತ್ರೆಯಲ್ಲಿ ನಾವಿಬ್ಬರೂ ಪಕ್ಕದಲ್ಲೇ ಇದ್ದೆವು. ಜ್ವರದ ಮಂಪರಿನಲ್ಲಿ ಅವಳು ಯಾರಿಗೋ, "ಉಸಿರು ಬಿಗಿ ಹಿಡಿ, ಈಗ ಬಿಡು, ಈಗ ಬಿಡು," ಎಂದು ಹೇಳುತ್ತಿದ್ದಳು. ಒಂದು ಬೆಳಿಗ್ಗೆ ಹೋಗಿಬಿಟ್ಟಳು.

ಮಣ್ಣು ಮಾಡುವುದು ಭಾವನ ಕಡೆಯ ಹೊಲದಲ್ಲಿ, ಕುಕ್ಕುವಾಡದ ಹತ್ತಿರ. ಆಸ್ಪತ್ರೆಯವರು ಗಾಡಿ ಕೊಡುತ್ತೇವೆ ಅಂದರು. ಭಾವ ಬೇಡ ಅಂದರು. ನನ್ನ ಕಡೆ ತಿರುಗಿ, "ನೀನು ಓಡಿಸ್ತೀಯೇನಮ್ಮ?" ಎಂದು ಕೇಳಿದರು. ಓಡಿಸಿದೆ. ಹಿಂದೆ ಟ್ರೇಲರಿನಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ ಅಕ್ಕ. ದಾರಿಯಲ್ಲಿ ಊರುಗಳ ಬಾಯಲ್ಲಿ ಹೆಂಗಸರು ನಿಂತಿದ್ದರು. ಅವರಿಗೆ ಯಾರು ಸುದ್ದಿ ಮುಟ್ಟಿಸಿದರೋ ತಿಳಿಯದು. ಒಂದೊಂದು ಕಡೆಯೂ ನಿಲ್ಲಿಸಬೇಕಾಯಿತು. ಕಮಾನ್ ಪಟ್ಟಿಯ ಅಂಗಡಿಯವರು ಹೊಲಕ್ಕೇ ಬಂದಿದ್ದರು. ದೂರದಲ್ಲಿ ನಿಂತಿದ್ದು, ಎಲ್ಲ ಮುಗಿದ ಮೇಲೆ ಬಂದು ಭಾವನ ಹೆಗಲ ಮೇಲೆ ಕೈಯಿಟ್ಟರು.

ಈಗ ಟ್ರೇಲರ್ ಮನೆಯ ಪಕ್ಕದ ಸೈಟಿನಲ್ಲಿದೆ. ಕೊಳ್ಳುತ್ತೇವೆಂದು ಕೇಳಿಕೊಂಡು ಬಂದವರಿದ್ದಾರೆ. ಭಾವ ಮಂಚ ಬಿಚ್ಚಿ ಹೊರಗಿಟ್ಟು, ಎರಡು ದಿನ ಬಿಟ್ಟು ಮತ್ತೆ ಅಲ್ಲೇ ಕೂರಿಸಿದ್ದನ್ನು ನಾನು ನೋಡಿದ್ದೇನೆ. ನಿಂತಲ್ಲೇ ನಿಂತರೆ ಟಯರು ನೆಲಕ್ಕೆ ಕೂತು ಕೆಡುತ್ತವೆ ಎಂದು ಆಗಾಗ ಅದನ್ನು ಕಟ್ಟಿಕೊಂಡು ಹರಿಹರದವರೆಗೆ ಹೋಗಿಬರುತ್ತೇವೆ. ಹೊಳೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸುತ್ತೇನೆ. ಭಾವ ಒಳಗೆ ಹೋಗಿ ಕೂರುತ್ತಾರೆ. ನಾನು ಚಹಾ ತರುತ್ತೇನೆಂದು ಹೇಳಿ ಅಂಗಡಿಗೆ ನಡೆಯುತ್ತೇನೆ. ಬೇಗ ಮರಳುವುದಿಲ್ಲ.